ದೇವಭಯ, ಪಾಪಶಂಕೆ ಮತ್ತು ಕ್ರೈಸ್ತ ಆಪ್ತಸಮಾಲೋಚನೆ

ಬೈಬಲಿನಲ್ಲಿ ದೇವಭಯಕ್ಕೆ ಎರಡು ಮುಖಗಳಿವೆ. ಜ್ಞಾನೋಕ್ತಿಗಳ ಪುಸ್ತಕ ಅದನ್ನು ವಿವೇಕದ ಮೊದಲ ಮೆಟ್ಟಿಲೆಂದು ಹೊಗಳುತ್ತದೆ. ಆದಿಕಾಂಡದ ಮೂರನೆಯ ಅಧ್ಯಾಯದಲ್ಲಾದರೋ ಹಣ್ಣು ತಿಂದ ಆದಾಮ ತೋಟದ ಮರಗಳ ಮರೆಗೆ ಸರಿಯುತ್ತಾನೆ. ಯಾಕೆ ಅವಿತುಕೊಂಡೆ ಎಂದು ಕೇಳಿದರೆ ಹೆದರಿದೆ ಎನ್ನುತ್ತಾನೆ. ಮನುಷ್ಯನಿಗೂ ದೇವರಿಗೂ ನಡುವೆ ಬಿರುಕು ಬಿಟ್ಟದ್ದರ ಮೊದಲ ಗುರುತು ಆ ಹೆದರಿಕೆ. ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಎರಡೂ ಮುಖಗಳು ಒಂದೇ ವಚನದಲ್ಲಿ ಸಿಗುತ್ತವೆ. ಸೀನಾಯಿ ಬೆಟ್ಟ ಹೊಗೆಯಾಡುತ್ತಿದೆ, ಗುಡುಗುತ್ತಿದೆ, ಜನ ದೂರ ಸರಿದು ನಡುಗುತ್ತಿದ್ದಾರೆ. ಮೋಶೆ ಅವರಿಗೆ ಹೆದರಬೇಡಿ ಎನ್ನುತ್ತಾನೆ. ಅದೇ ಉಸಿರಿನಲ್ಲಿ, ಆತನ ಭಯ ನಿಮ್ಮಲ್ಲಿರಲೆಂದೇ ದೇವರು ಬಂದಿದ್ದಾನೆ ಎಂದೂ ಹೇಳುತ್ತಾನೆ. ಹೋಗಬೇಕಾದ ಭಯ ಯಾವುದು, ಉಳಿಯಬೇಕಾದದ್ದು ಯಾವುದು ಎಂದು ಬೇರ್ಪಡಿಸುವ ಕೆಲಸ ಮುಂದೆ ಕ್ರೈಸ್ತ ಗುರುಗಳ, ಸಭಾಪಾಲಕರ, ಈಗ ಆಪ್ತಸಮಾಲೋಚಕರ ಪಾಲಿಗೆ ಬಂದಿದೆ.

ಈ ವಿಂಗಡಣೆಯನ್ನು ಮನಮುಟ್ಟುವಂತೆ ಮಾಡಿದವನು ಐದನೆಯ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಆಗಿದ್ದ ಆಗಸ್ಟೀನ್. ಯೋಹಾನನ ಮೊದಲ ಪತ್ರದ ಮೇಲಿನ ಉಪದೇಶಗಳಲ್ಲಿ ಅವನು ಇಬ್ಬರು ಹೆಂಡಿರನ್ನು ಮುಂದಿಡುತ್ತಾನೆ. ಒಬ್ಬಳಿಗೆ ಗಂಡ ಎಲ್ಲಿ ಬಂದುಬಿಡುವನೋ ಎಂಬ ಭಯ, ಇನ್ನೊಬ್ಬಳಿಗೆ ಎಲ್ಲಿ ಬಿಟ್ಟುಹೋಗುವನೋ ಎಂಬ ಭಯ. ಅಂಜುವುದು ಇಬ್ಬರೂ ಹೌದು, ಆದರೆ ಪ್ರೀತಿ ಇರುವುದು ಎರಡನೆಯವಳಲ್ಲಿ ಮಾತ್ರ. 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಇದನ್ನೇ ಶಾಸ್ತ್ರೀಯವಾಗಿ ಅಳವಡಿಸಿ, ಶಿಕ್ಷೆಗೆ ಅಂಜುವ ಆಳಿನ ಭಯ, ತಂದೆಯನ್ನು ನೋಯಿಸಲು ಅಂಜುವ ಮಗನ ಭಯ ಎಂದು ಬಿಡಿಸಿದ. ಪ್ರೀತಿ ಬೆಳೆದಂತೆ ಮೊದಲನೆಯದು ಕುಗ್ಗುತ್ತದೆ, ಎರಡನೆಯದು ಹೆಚ್ಚುತ್ತದೆ ಎಂಬುದು ಅವನ ನಿಲುವು. ಪೂರ್ಣ ಪ್ರೀತಿ ಭಯವನ್ನು ಹೊರದೂಡುತ್ತದೆ ಎಂಬ ಯೋಹಾನನ ಮಾತಿಗೂ, ದಾಸತ್ವದ ಆತ್ಮವಲ್ಲ, ಮಕ್ಕಳ ಆತ್ಮ ನಿಮಗೆ ದೊರೆತಿದೆ ಎಂಬ ಪೌಲನ ಮಾತಿಗೂ (ರೋಮಾಪುರದವರಿಗೆ, 8ನೆಯ ಅಧ್ಯಾಯ) ಸಂಪ್ರದಾಯ ಈ ಅರ್ಥವನ್ನೇ ಕೊಟ್ಟಿದೆ.

ಆಳಿನ ಭಯ ಬದುಕನ್ನು ಏನು ಮಾಡುತ್ತದೆ ಎಂಬುದಕ್ಕೆ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ಸಾಮ್ಯ ಒಳ್ಳೆಯ ನಿದರ್ಶನ. ಯಜಮಾನ ಕೊಟ್ಟ ತಲಾಂತು ಎಂಬ ದೊಡ್ಡ ಮೊತ್ತದ ಹಣವನ್ನು ಮೂರನೆಯ ಆಳು ದುಂದು ಮಾಡುವುದಿಲ್ಲ, ಕದಿಯುವುದೂ ಇಲ್ಲ, ನೆಲದಲ್ಲಿ ಹೂತಿಡುತ್ತಾನೆ. ಯಜಮಾನ ಕಠಿಣ ಮನುಷ್ಯ ಎಂದು ಅವನು ಮೊದಲೇ ತೀರ್ಮಾನಿಸಿದ್ದಾನೆ. ತೀರ್ಮಾನ ಸರಿಯೋ ಎಂದು ಪರೀಕ್ಷಿಸುವ ಧೈರ್ಯ ಅವನಿಗಿಲ್ಲ. ಈ ಕಥೆಯನ್ನು ಸೋಮಾರಿತನದ ವಿರುದ್ಧ ಉಪದೇಶಿಸುವುದು ರೂಢಿ. ಆದರೆ ಆ ಆಳು ಕೊಡುವ ಕಾರಣ ಭಯ, ಮತ್ತು ಆ ಭಯದ ಕೆಳಗಿರುವುದು ಯಜಮಾನನ ಬಗೆಗಿನ ಒಂದು ಚಿತ್ರ.

ಸಮಾಲೋಚನೆಗೆ ಬರುವವರಲ್ಲಿ ಈ ಭಯ ಹಲವು ರೂಪ ತಾಳಿರುತ್ತದೆ. ಮಗು ಸತ್ತಾಗ, ಗರ್ಭ ನಿಲ್ಲದಾಗ, ವ್ಯಾಪಾರ ಮುಳುಗಿದಾಗ ಇದು ಯಾವುದೋ ಹಳೆಯ ಪಾಪದ ಫಲ ಎಂಬ ಶಂಕೆ ಏಳುವುದು ಬಹು ಸಾಮಾನ್ಯ. ಬೈಬಲಿನ ಯೋಬನ ಗ್ರಂಥದಲ್ಲಿ ಕಷ್ಟಕ್ಕೆ ಸಿಕ್ಕ ಯೋಬನೊಡನೆ ಅವನ ಸ್ನೇಹಿತರು ವಾದಿಸಿದ್ದು ಇದನ್ನೇ, ಗ್ರಂಥದ ಕೊನೆಯಲ್ಲಿ ದೇವರಿಂದ ಬೈಸಿಕೊಂಡದ್ದೂ ಇದಕ್ಕೇ. ಹುಟ್ಟುಕುರುಡನ ಪ್ರಸಂಗದಲ್ಲಿ, ಸಿಲೋವದ ಬುರುಜು ಬಿದ್ದು ಸತ್ತವರ ಪ್ರಸಂಗದಲ್ಲಿ ಯೇಸು ಈ ಲೆಕ್ಕಾಚಾರವನ್ನು ತಳ್ಳಿಹಾಕುತ್ತಾನೆ. ಲೋಕಾಂತ್ಯದ ಪ್ರಸಂಗ ಕೇಳಿ ಬೆಳೆದು, ಮನೆಯವರನ್ನೆಲ್ಲ ಕರ್ತನು ಎತ್ತಿಕೊಂಡುಹೋಗಿ ತಾನೊಬ್ಬನೇ ಉಳಿದುಬಿಟ್ಟೆನೇನೋ ಎಂದು ರಾತ್ರಿ ಎದ್ದು ಕೂರುವ ಮಕ್ಕಳ ಭಯ ಇನ್ನೊಂದು ಬಗೆ. ಕೆಲವರಿಗೆ ದೇವರನ್ನು ತಂದೆ ಎಂದು ಕರೆಯುವುದರಿಂದಲೇ ಮೈ ಬಿಗಿಯುತ್ತದೆ, ಏಕೆಂದರೆ ಅವರು ಕಂಡ ತಂದೆ ಕುಡಿದು ಬಂದು ಹೊಡೆದವನು.

ಇವೆಲ್ಲಕ್ಕಿಂತ ಹಟಮಾರಿಯಾದದ್ದು, ಗುರುಗಳಿಗೆ ಶತಮಾನಗಳಿಂದ ತಲೆನೋವಾಗಿರುವುದು ಪಾಪಶಂಕೆ. ಮಾಡದ ಪಾಪ ಮಾಡಿದೆನೆಂಬ, ಮಾಡಿದ ಸಣ್ಣ ತಪ್ಪು ನರಕಕ್ಕೆ ಒಯ್ಯುತ್ತದೆಂಬ, ಕ್ಷಮೆ ಪಡೆದರೂ ಸರಿಯಾಗಿ ಪಡೆಯಲಿಲ್ಲವೆಂಬ ಮುಗಿಯದ ಅನುಮಾನ ಇದು. ಪ್ರಾರ್ಥನೆಯ ನಡುವೆ ಮನಸ್ಸು ಬೇರೆಡೆ ಹೋಯಿತೆಂದು ಮತ್ತೆ ಮೊದಲಿನಿಂದ ಪ್ರಾರ್ಥಿಸುವುದು, ಗುರುಗಳೆದುರು ಪಾಪನಿವೇದನೆ ಮುಗಿಸಿ ಬಾಗಿಲವರೆಗೆ ಬಂದು ಏನೋ ಬಿಟ್ಟುಹೋಯಿತೆಂದು ತಿರುಗಿ ಓಡುವುದು, ಅನರ್ಹನೆಂದು ವರ್ಷಗಟ್ಟಲೆ ಪರಮಪ್ರಸಾದ ಸ್ವೀಕರಿಸದೆ ಇರುವುದು ಇದರ ಲಕ್ಷಣಗಳು. ಪವಿತ್ರಾತ್ಮನ ದೂಷಣೆಗೆ ಕ್ಷಮೆಯಿಲ್ಲ ಎಂಬ ಮಾರ್ಕನ ಸುವಾರ್ತೆಯ ಮಾತು (3ನೆಯ ಅಧ್ಯಾಯ) ಇಂಥವರನ್ನು ಹಿಡಿದು ಅಲುಗಾಡಿಸಿದಷ್ಟು ಬೇರಾವ ಮಾತೂ ಅಲುಗಾಡಿಸಿಲ್ಲ. ಬೇಡಬೇಡವೆಂದರೂ ತಲೆಯೊಳಗೆ ನುಗ್ಗಿದ ಒಂದು ಕೆಟ್ಟ ಪದ ಆ ದೂಷಣೆಯೇ ಆಗಿತ್ತೇ ಎಂದು ಅವರು ಹಗಲಿರುಳು ವಿಚಾರಣೆ ನಡೆಸುತ್ತಾರೆ. ಆರೋಪಿ, ವಕೀಲ, ನ್ಯಾಯಾಧೀಶ ಎಲ್ಲರೂ ಒಬ್ಬರೇ ಆದ್ದರಿಂದ ತೀರ್ಪು ಬರುವುದೇ ಇಲ್ಲ. ಇದು ಕ್ರೈಸ್ತರ ಸ್ವತ್ತೇನೂ ಅಲ್ಲ. ಮುಸ್ಲಿಮರಲ್ಲಿ ಇದಕ್ಕೆ ವಸ್ವಾಸ್ ಎಂಬ ಹೆಸರಿದೆ, ನಮ್ಮ ಅಗ್ರಹಾರಗಳ ಕೆಲವು ಮನೆಗಳಲ್ಲಿ ಇದೇ ಕಾಟ ಮಡಿಯ ವೇಷ ಹಾಕಿಕೊಂಡದ್ದುಂಟು.

ಪಾಪಶಂಕೆಯ ಚರಿತ್ರೆಯಲ್ಲಿ ಇಬ್ಬರ ಅನುಭವ ಮುಖ್ಯ. ಇಬ್ಬರೂ ಒಂದೇ ತಲೆಮಾರಿನವರು; ಮುಂದೆ ಪರಸ್ಪರ ಹೋರಾಡಿದ ಎರಡು ಪಂಥಗಳಿಗೆ ನಾಯಕರಾದವರು. ಇಗ್ನೇಷಿಯಸ್ ಲೊಯೋಲ ಗಾಯಗೊಂಡ ಸೈನಿಕ. 1522ರಲ್ಲಿ ಸ್ಪೇನಿನ ಮೊನ್ಸೆರಾಟ್ ಮಠದಲ್ಲಿ ಇಡೀ ಜೀವನದ ಪಾಪಗಳನ್ನು ಬರೆದುಕೊಂಡು ಮೂರು ದಿನ ನಿವೇದಿಸಿದ. ಅಲ್ಲಿಂದ ಮನ್ರೇಸಾ ಊರಿಗೆ ಬಂದ ಮೇಲೆ, ಏನೋ ಬಿಟ್ಟುಹೋಗಿದೆ ಎಂಬ ಗುಮಾನಿ ಹತ್ತಿಕೊಂಡಿತು. ಮತ್ತೆ ಮತ್ತೆ ನಿವೇದಿಸಿದ, ಸಮಾಧಾನವಾಗಲಿಲ್ಲ. ಗುರುಗಳು ಸ್ಪಷ್ಟವಾಗಿ ಕಾಣುವ ಪಾಪವಿಲ್ಲದಿದ್ದರೆ ಹಳೆಯದನ್ನು ಎತ್ತಬೇಡ ಎಂದರು. ಎಲ್ಲವೂ ಅವನಿಗೆ ಸ್ಪಷ್ಟವಾಗಿಯೇ ಕಾಣುತ್ತಿದ್ದುದರಿಂದ ಆ ಮಾತು ಉಪಯೋಗಕ್ಕೆ ಬರಲಿಲ್ಲ! ಯೇಸುವಿನ ಹೆಸರಿನಲ್ಲಿ ಖಡಾಖಂಡಿತವಾಗಿ ಬೇಡವೆಂದು ಆಜ್ಞಾಪಿಸಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಒಳಗೇ ಅನ್ನಿಸುತ್ತಿತ್ತು, ಅದನ್ನು ಗುರುಗಳ ಮುಂದೆ ಹೇಳುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ. ಕೋಣೆಯಲ್ಲಿದ್ದ ದೊಡ್ಡ ಕಂಡಿಯಿಂದ ಕೆಳಕ್ಕೆ ಹಾರಿಬಿಡಬೇಕೆಂಬ ಆಸೆ ಪದೇ ಪದೇ ಬಂತು. ದೇವರು ಬಿಡುಗಡೆ ಕೊಡುವವರೆಗೆ ಉಣ್ಣುವುದಿಲ್ಲವೆಂದು ವಾರವಿಡೀ ಉಪವಾಸ ಕೂತ. ಉಪವಾಸ ಮುರಿಯಬೇಕೆಂದು ಗುರುಗಳು ಆಜ್ಞಾಪಿಸಿದ ಮೇಲೆ ಉಂಡ. ಎರಡು ದಿನ ಹಗುರವಾಯಿತು, ಮೂರನೆಯ ದಿನ ಶಂಕೆಗಳ ಸರಣಿ ಮತ್ತೆ ಶುರು.

ಬಿಡುಗಡೆ ಸಿಕ್ಕಿದ್ದು ಹೇಗೆಂಬುದನ್ನು ಅವನು ಮುಪ್ಪಿನಲ್ಲಿ ಬರೆಸಿದ ಆತ್ಮಕಥನ ಹೇಳುತ್ತದೆ. ಈ ಯೋಚನೆಗಳು ತನ್ನನ್ನು ಎಲ್ಲಿಗೆ ಒಯ್ಯುತ್ತಿವೆ ಎಂದು ಅವನು ಗಮನಿಸಿದ. ಅವು ಮೇಲ್ನೋಟಕ್ಕೆ ಭಕ್ತಿಯ ಯೋಚನೆಗಳೇ; ಆದರೆ ಹಿಂದೆ ಬಿಟ್ಟುಹೋಗುತ್ತಿದ್ದದ್ದು ಬದುಕಿನ ಬಗ್ಗೆ ವಾಕರಿಕೆ. ಇಂಥ ಫಲ ಕೊಡುವುದು ದೇವರಿಂದ ಬಂದದ್ದಾಗಿರಲಾರದು ಎಂದು ತೀರ್ಮಾನಿಸಿ, ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದೇ ಇಲ್ಲವೆಂದು ನಿಶ್ಚಯಿಸಿದ. ಅನುಮಾನಕ್ಕೆ ಉತ್ತರ ದೊರೆತದ್ದರಿಂದ ಅವನು ಗುಣವಾಗಲಿಲ್ಲ. ಉತ್ತರ ಹುಡುಕುವುದನ್ನು ನಿಲ್ಲಿಸಿದ್ದರಿಂದ ಗುಣವಾದ. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಅವನ ಆಧ್ಯಾತ್ಮಿಕ ಸಾಧನೆಯ ಕೈಪಿಡಿಯಲ್ಲಿ ಪಾಪಶಂಕೆಯ ಮೇಲೆ ಕೆಲವೇ ಟಿಪ್ಪಣಿಗಳಿವೆ. ನೆಲದ ಮೇಲೆ ಶಿಲುಬೆಯ ಆಕಾರದಲ್ಲಿ ಬಿದ್ದ ಎರಡು ಹುಲ್ಲುಕಡ್ಡಿ ತುಳಿದದ್ದನ್ನು ಪಾಪವೆಂದುಕೊಂಡವನ ಉದಾಹರಣೆ ಬರುವುದು ಅಲ್ಲಿ. ಸೂಕ್ಷ್ಮ ಮನಸ್ಸಿನವನನ್ನು ವೈರಿ ಇನ್ನೂ ಅತಿಸೂಕ್ಷ್ಮಕ್ಕೆ ತಳ್ಳುತ್ತಾನೆ, ಆದ್ದರಿಂದ ಅಂಥವನು ಎದುರು ದಿಕ್ಕಿಗೆ ಹೆಜ್ಜೆ ಇಟ್ಟು ನಡುಮಧ್ಯಕ್ಕೆ ಬರಬೇಕು ಎಂಬುದು ಆ ಟಿಪ್ಪಣಿಗಳ ಸಾರ.

ಮಾರ್ಟಿನ್ ಲೂಥರನ ಕಥೆ ಹೆಚ್ಚು ಪ್ರಸಿದ್ಧ. 1505ರ ಜುಲೈ ತಿಂಗಳಲ್ಲಿ ಜರ್ಮನಿಯ ಷ್ಟೊಟರ್ನ್‌ಹೈಮ್ ಹಳ್ಳಿಯ ಬಳಿ ಸಿಡಿಲಿಗೆ ಹೆದರಿ, ಬದುಕಿದರೆ ಸನ್ಯಾಸಿಯಾಗುತ್ತೇನೆಂದು ಸಂತ ಅನ್ನಳಿಗೆ ಹರಕೆ ಹೊತ್ತ. ಎರಡು ವಾರದಲ್ಲಿ ಅಗಸ್ಟೀನಿಯನ್ ಮಠ ಸೇರಿದ. ಭಯದಿಂದ ಒಳಹೊಕ್ಕ ಮಠದಲ್ಲಿ ಭಯ ಇಮ್ಮಡಿಯಾಯಿತು. ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದ ಅವನನ್ನು ಸಹಿಸಿಕೊಂಡವನು ಮಠಗಳ ಮೇಲಧಿಕಾರಿ ಯೋಹಾನ್ ಫಾನ್ ಷ್ಟೌಪಿಟ್ಸ್. ಚಿಲ್ಲರೆ ಸಂಗತಿಗಳನ್ನೆಲ್ಲ ಪಾಪವೆಂದು ಹೊತ್ತು ತರಬೇಡ, ತರುವುದಾದರೆ ಕ್ಷಮಿಸಲು ಯೋಗ್ಯವಾದದ್ದೇನಾದರೂ ತಾ ಎಂಬರ್ಥದಲ್ಲಿ ಗದರಿದ್ದನ್ನು ಲೂಥರ್ ಮುಂದೆ ನೆನೆಸಿಕೊಳ್ಳುತ್ತಿದ್ದ. ಷ್ಟೌಪಿಟ್ಸ್ ಮಾಡಿದ್ದು ಎರಡು ಕೆಲಸ. ತನ್ನನ್ನು ದೇವರು ರಕ್ಷಣೆಗೆ ಆಯ್ದಿದ್ದಾನೋ ಇಲ್ಲವೋ ಎಂದು ಆಕಾಶ ಕೆದಕುತ್ತಿದ್ದ ಯುವಕನ ಕಣ್ಣನ್ನು ಶಿಲುಬೆಯ ಮೇಲಿನ ಗಾಯಗಳ ಕಡೆ ತಿರುಗಿಸಿದ. ಜೊತೆಗೆ ಅವನಿಗೆ ಕೆಲಸ ಹಚ್ಚಿದ: ಡಾಕ್ಟರ್ ಪದವಿ ಪಡೆ, ಉಪದೇಶ ಮಾಡು, ವಿಟೆನ್‌ಬರ್ಗಿನಲ್ಲಿ ಬೈಬಲ್ ಪಾಠ ಹೇಳು ಎಂದು ಒತ್ತಾಯಿಸಿದ. 1512ರಲ್ಲಿ ಲೂಥರ್ ಡಾಕ್ಟರ್ ಆದ. ಪೌಲ ರೋಮಾಪುರದವರಿಗೆ ಬರೆದ ಪತ್ರದ ಓದಿನಲ್ಲೇ ಅವನಿಗೆ ಬಿಡುಗಡೆ ಸಿಕ್ಕಿತು; ಅದರ ಪಾಠ ಹೇಳುವ ಹೊಣೆ ಬಾರದಿದ್ದರೆ ಅವನ ಬಿಡುಗಡೆ ಬೇರೆ ದಾರಿ ಹಿಡಿಯುತ್ತಿತ್ತೇನೋ.

1545ರಲ್ಲಿ ತನ್ನ ಲ್ಯಾಟಿನ್ ಬರಹಗಳಿಗೆ ಬರೆದ ಮುನ್ನುಡಿಯಲ್ಲಿ ಲೂಥರ್ ಒಂದು ಸಂಗತಿಯನ್ನು ಬಿಚ್ಚಿಡುತ್ತಾನೆ. ದಂಡಿಸುವ ನೀತಿವಂತ ದೇವರನ್ನು ತಾನು ಪ್ರೀತಿಸಲಿಲ್ಲ, ಒಳಗೊಳಗೇ ದ್ವೇಷಿಸುತ್ತಿದ್ದೆ ಎಂದು. ಆಪ್ತಸಮಾಲೋಚಕರಿಗೆ ಆ ಮುನ್ನುಡಿಯ ಅತ್ಯಂತ ಬೆಲೆಬಾಳುವ ಮಾತು ಇದು. ಭಯದ ಅಡಿಯಲ್ಲಿ ಅನೇಕ ವೇಳೆ ಸಿಟ್ಟು ಇರುತ್ತದೆ. ದೇವರ ಮೇಲೆ ಸಿಟ್ಟು ಬಂದಿದೆ ಎಂದು ಒಪ್ಪಿಕೊಳ್ಳುವುದೇ ಘೋರ ಪಾಪವೆನಿಸುವುದರಿಂದ ಅದು ನಡುಕವಾಗಿ ಹೊರಬರುತ್ತದೆ. ಕೀರ್ತನೆಗಳ ಪುಸ್ತಕದಲ್ಲಿ ದೇವರನ್ನು ತರಾಟೆಗೆ ತೆಗೆದುಕೊಳ್ಳುವ ಪ್ರಾರ್ಥನೆಗಳಿಗೆ ಬರವಿಲ್ಲ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಒಂದು ಸಾಲಿನ ಸಾಂತ್ವನವೂ ಕೊನೆಗಿಲ್ಲ. ಹೆದರಿ ಬಂದವರ ಕೈಗೆ ಸಾಂತ್ವನದ 23ನೆಯ ಕೀರ್ತನೆಗಿಂತ ಮೊದಲು 88ನೆಯದನ್ನು ಕೊಡುವುದರಲ್ಲಿ ಜಾಣತನವಿದೆ. ಇಷ್ಟನ್ನೂ ದೇವರಿಗೆ ಹೇಳಬಹುದು ಎಂಬ ಅನುಮತಿ ಅದರಿಂದ ಸಿಗುತ್ತದೆ.

ತಾನು ಗುಣವಾದ ಮೇಲೆ ಲೂಥರ್ ಇತರರಿಗೆ ಬರೆದ ಸಾಂತ್ವನದ ಪತ್ರಗಳು ಇಂದಿಗೂ ಸಮಾಲೋಚನೆಯ ಒಳ್ಳೆಯ ಪಾಠಗಳು. ಅವನ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳುತ್ತಿದ್ದ ಹಿರೋನಿಮಸ್ ವೆಲ್ಲರ್ ಎಂಬ ಖಿನ್ನ ಯುವಕನಿಗೆ 1530ರಲ್ಲಿ ಕೋಬುರ್ಗ್ ಕೋಟೆಯಿಂದ ಬರೆದ ಪತ್ರದಲ್ಲಿ, ಒಬ್ಬನೇ ಕೂರಬೇಡ, ಸೈತಾನನೊಡನೆ ವಾದಕ್ಕಿಳಿಯಬೇಡ, ಗೆಳೆಯರ ಜೊತೆ ಉಣ್ಣು, ಕುಡಿ, ತಮಾಷೆ ಮಾಡು ಎನ್ನುತ್ತಾನೆ. ಸೈತಾನನನ್ನು ಗೇಲಿ ಮಾಡಲೆಂದೇ ಒಂದು ಸಣ್ಣ ತಪ್ಪನ್ನಾದರೂ ಮಾಡು ಎನ್ನುವಷ್ಟು ದೂರ ಹೋಗುತ್ತಾನೆ. ಮಡಿವಂತ ಓದುಗರು ಈ ಪತ್ರದಿಂದ ಇರುಸುಮುರುಸು ಪಟ್ಟಿದ್ದಾರೆ. ಆದರೆ ಮುಂದಿನ ವರ್ಷ ವೆಲ್ಲರನ ಅಕ್ಕತಂಗಿಯರಲ್ಲಿ ಒಬ್ಬಳಾದ ಬಾರ್ಬರಾ ಲಿಸ್ಕಿರ್ಷನ್‌ಗೆ, ದೇವರ ಆಯ್ಕೆಯ ಚಿಂತೆಯಲ್ಲಿ ಕೊರಗುತ್ತಿದ್ದವಳಿಗೆ, ಬರೆದದ್ದನ್ನು ಜೊತೆಗಿಟ್ಟು ನೋಡಿದರೆ ಎರಡರ ತಂತ್ರವೂ ಒಂದೇ ಎಂದು ತಿಳಿಯುತ್ತದೆ. ಈ ರೋಗ ನನಗೂ ಗೊತ್ತು, ಸಾವಿನ ಬಾಗಿಲವರೆಗೆ ಹೋಗಿ ಬಂದಿದ್ದೇನೆ ಎಂದು ಮೊದಲು ಹೇಳುತ್ತಾನೆ. ಆ ಪ್ರಶ್ನೆಯನ್ನು ಕೆದಕುವುದನ್ನು ಬಿಡು, ಬಾಯಿಗೆ ಬಂದ ಹೊಲಸನ್ನು ಉಗುಳುವಂತೆ ಉಗುಳಿಬಿಡು ಎಂದು ಆಮೇಲೆ. ಪ್ರಶ್ನೆಗೆ ಉತ್ತರ ಕೊಡಲು ಹೋಗುವುದಿಲ್ಲ.

ಪುಸ್ತಕಗಳ ಮೂಲಕವೂ ಈ ಸಾಂತ್ವನ ದಾಟಿಹೋಗಿದೆ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಪಾತ್ರೆ ರಿಪೇರಿ ಮಾಡುತ್ತಿದ್ದ ಜಾನ್ ಬನ್ಯನ್, ಕ್ರಿಸ್ತನನ್ನು ಮಾರಿಬಿಡು ಎಂಬ ಒಳದನಿಯ ಕಾಟ ತಾಳಲಾರದೆ ಒಂದು ದಿನ ಮನಸ್ಸಿನಲ್ಲೇ ಹೋದರೆ ಹೋಗಲಿ ಎಂದುಬಿಟ್ಟ. ಜನ್ಮದ ಹಕ್ಕನ್ನು ಮಾರಿ ಕಣ್ಣೀರಿಟ್ಟರೂ ಮರಳಿ ಪಡೆಯದ ಏಸಾವನ ಪ್ರಸ್ತಾಪ ಇಬ್ರಿಯರ ಪತ್ರದಲ್ಲಿ ಬರುತ್ತದಲ್ಲ, ಅದು ಅವನನ್ನು ಬಹುಕಾಲ ಅಟ್ಟಾಡಿಸಿತು. ಗಲಾತ್ಯದವರಿಗೆ ಬರೆದ ಪತ್ರಕ್ಕೆ ಲೂಥರ್ ಬರೆದ ವ್ಯಾಖ್ಯಾನದ ಹಳೆಯ ಪ್ರತಿಯೊಂದು ಅದಕ್ಕೂ ಮುನ್ನ ಕೈಗೆ ಸಿಕ್ಕಿದ್ದಾಗ ತನ್ನ ಎದೆಯಿಂದಲೇ ಬರೆದಂತಿದೆ ಎಂದು ಅವನಿಗೆ ಅನ್ನಿಸಿತ್ತು. ಈ ವೃತ್ತಾಂತವನ್ನು ಅವನು ಬೆಡ್‌ಫರ್ಡ್ ಸೆರೆಮನೆಯಲ್ಲಿದ್ದಾಗ, 1666ರಲ್ಲಿ ಪ್ರಕಟಿಸಿದ. ಮುಂದೆ 1678ರಲ್ಲಿ ಹೊರಬಂದ ಅವನ ರೂಪಕಕಥೆಯನ್ನು 19ನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದರು. ನಿರಾಶೆಯ ಕೆಸರು, ಸಂಶಯದ ಕೋಟೆ ಮುಂತಾದ ಅದರ ತಾಣಗಳೆಲ್ಲ ಬನ್ಯನ್ ತಾನೇ ನಡೆದು ಬಂದ ಜಾಗಗಳು.

ಕಥೊಲಿಕ ಸಂಪ್ರದಾಯದಲ್ಲಿ ಪಾಪಶಂಕೆಗೆ ಕ್ರಮಬದ್ಧ ಚಿಕಿತ್ಸೆ ರೂಪಿಸಿದವನು 18ನೆಯ ಶತಮಾನದ ಇಟಲಿಯ ಅಲ್ಫೋನ್ಸಸ್ ಲಿಗೋರಿ. ವಕೀಲನಾಗಿದ್ದು ಗುರುವಾದವನು, 1732ರಲ್ಲಿ ರಿಡೆಂಪ್ಟರಿಸ್ಟ್ ಸಭೆ ಸ್ಥಾಪಿಸಿದವನು, ಸ್ವತಃ ಪಾಪಶಂಕೆಯಿಂದ ಜೀವನವಿಡೀ ನರಳಿದವನು. ಒಬ್ಬನೇ ಗುರುವಿನ ಮಾತಿಗೆ ಕಟ್ಟುಬೀಳಬೇಕು, ಗುರುಗಳಿಂದ ಗುರುಗಳಿಗೆ ಅಲೆಯಬಾರದು. ನಿವೇದಿಸಿದ್ದನ್ನು ಮತ್ತೆ ನಿವೇದಿಸಬಾರದು. ಪಾಪವೆಂದು ಪ್ರಮಾಣ ಮಾಡಿ ಹೇಳಲಾಗದ್ದನ್ನು ಪಾಪವೆಂದು ಎಣಿಸಬಾರದು. ಶಂಕೆ ಇದ್ದರೂ ಲೆಕ್ಕಿಸದೆ ಮುಂದಿನ ಕೆಲಸಕ್ಕೆ ಕೈಹಾಕಬೇಕು ಎಂಬುದು ಅವನ ದಾರಿ. ಅವನ ಸಭೆಯವರು ಅಮೆರಿಕದ ಮಿಸೂರಿಯಿಂದ 1960ರ ದಶಕದಲ್ಲಿ ಶುರುಮಾಡಿದ ಪಾಪಶಂಕಿಗಳ ಪತ್ರಿಕೆ ದಶಕಗಳ ಕಾಲ ಇದೇ ಬೋಧನೆಯನ್ನು ಮುಂದುವರಿಸಿತು. ಫ್ರಾನ್ಸಿನ ಲಿಸ್ಯೂ ಪಟ್ಟಣದ ತೆರೇಸಳ ಜೀವನದಲ್ಲೂ ಇಂಥ ತಿರುವಿದೆ. ಹನ್ನೆರಡರ ವಯಸ್ಸಿನಲ್ಲಿ ಪಾಪಶಂಕೆ ಹಿಡಿದಾಗ ಅಕ್ಕ ಮರೀ ದಿನವೂ ಅವಳ ಅಳಲು ಕೇಳಿ, ಯಾವುದನ್ನು ನಿವೇದಿಸಬೇಕು, ಯಾವುದನ್ನು ಬಿಡಬೇಕು ಎಂದು ಹೇಳಿಕೊಡುತ್ತಿದ್ದಳು. ಕಾನ್ವೆಂಟ್ ಸೇರಿದ ಮೇಲೆ 1891ರ ಧ್ಯಾನಕೂಟದಲ್ಲಿ ಅಲೆಕ್ಸಿ ಪ್ರೂ ಎಂಬ ಫ್ರಾನ್ಸಿಸ್ಕನ್ ಗುರು, ನಿನ್ನ ಕುಂದುಗಳಿಂದ ದೇವರಿಗೆ ನೋವಾಗುವುದಿಲ್ಲ ಎಂದು ಹೇಳಿದ್ದು ಅವಳಿಗೆ ಹಾಯಿ ಬಿಚ್ಚಿದ ದೋಣಿಯ ವೇಗ ಕೊಟ್ಟಿತು. ಮಗುವಿನ ಭರವಸೆಯಿಂದ ದೇವರ ಬಳಿ ಹೋಗುವ ಅವಳ ‘ಪುಟ್ಟ ಮಾರ್ಗ’ದ ಬೋಧನೆ ಬೆಳೆದದ್ದು ಆ ನಂಬಿಕೆಯಿಂದ.

ಮನೋವೈದ್ಯ ಶಾಸ್ತ್ರ ಈ ಅನುಭವಕ್ಕೆ ಕಾರಣ ಹೇಳಿದ್ದು ತೀರ ತಡವಾಗಿ. ಪಾಪಶಂಕೆಯ ತೀವ್ರ ರೂಪವನ್ನು ಅದು ಗೀಳು ಕಾಯಿಲೆಯ ಒಂದು ಬಗೆಯೆಂದು ಗುರುತಿಸುತ್ತದೆ. ಬೇಡದ ಯೋಚನೆ ಆತಂಕ ಹುಟ್ಟಿಸುತ್ತದೆ. ನಿವೇದನೆ, ಪುನಃಪ್ರಾರ್ಥನೆ, ಏನೂ ಆಗಿಲ್ಲ ತಾನೆ ಎಂದು ಗುರುಗಳನ್ನು ಕೇಳುವುದು ಆತಂಕವನ್ನು ಸ್ವಲ್ಪ ಹೊತ್ತು ಇಳಿಸುತ್ತದೆ. ಇಳಿದ ನೆಮ್ಮದಿಯೇ ಮುಂದಿನ ಸಲ ಮತ್ತೆ ಕೇಳುವ ಚಟವನ್ನು ಗಟ್ಟಿಮಾಡುತ್ತದೆ. ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ವರದಿ ಮಾಡಿದ ಚಿಕಿತ್ಸೆ ಈ ಸರಪಳಿಯನ್ನು ಮುರಿಯುತ್ತದೆ: ಭಯಕ್ಕೆ ಎದುರಾಗಿ ನಿಲ್ಲುವುದು, ನೆಮ್ಮದಿ ಕೊಡುವ ಆಚರಣೆಯನ್ನು ಮಾಡದೆ ಇರುವುದು. ಇಗ್ನೇಷಿಯಸ್ ಎದುರು ದಿಕ್ಕಿಗೆ ಹೆಜ್ಜೆ ಇಡು ಎಂದದ್ದು, ಲಿಗೋರಿ ಮತ್ತೆ ನಿವೇದಿಸಬೇಡ ಎಂದದ್ದು ಇದಕ್ಕಿಂತ ಬೇರೆಯಲ್ಲ. ಗುರುಗಳಿಗೆ ಇದರಿಂದ ಸಿಗುವ ಪಾಠ ಸ್ವಲ್ಪ ಕಹಿ. ಕ್ಷಮಿಸಲಾಗದ ಪಾಪ ಮಾಡಿದೆನೇನೋ ಎಂದು ಅಂಜುವವನು ಅದನ್ನು ಮಾಡಿರಲಾರ, ಮಾಡಿದವನಿಗೆ ಅಂಜಿಕೆಯೇ ಇರುವುದಿಲ್ಲ ಎಂಬ ಪ್ರಸಿದ್ಧ ಉತ್ತರ ಸರಿಯಾದದ್ದೇ. ಒಂದು ಸಲ ಹೇಳಿದರೆ ಅದು ಬೋಧನೆ. ಇಪ್ಪತ್ತನೆಯ ಸಲ ಹೇಳಿದರೆ ರೋಗಕ್ಕೆ ಹಾಕಿದ ಮೇವು. ಕರುಣೆಯುಳ್ಳ ಗುರುಗಳೇ ಇಲ್ಲಿ ಹೆಚ್ಚು ಎಡವುತ್ತಾರೆ, ಏಕೆಂದರೆ ಅಳುತ್ತ ಕೇಳುವವರಿಗೆ ಉತ್ತರ ಕೊಡದೆ ಇರುವುದು ಕ್ರೌರ್ಯವೆಂದು ಅವರಿಗೆ ಅನ್ನಿಸುತ್ತದೆ.

ವೈದ್ಯರ ನೆರವು ಬೇಕೆಂಬುದನ್ನು ಹಳಬರು ಒಪ್ಪದೆ ಇರಲಿಲ್ಲ. ಪ್ಯೂರಿಟನ್ ಸಭಾಪಾಲಕ ರಿಚರ್ಡ್ ಬ್ಯಾಕ್ಸ್‌ಟರ್ 17ನೆಯ ಶತಮಾನದಲ್ಲೇ, ವಿಷಾದರೋಗ ಹಿಡಿದವರಿಗೆ ಉಪದೇಶ ಮಾತ್ರ ಸಾಲದು, ಔಷಧಿ ಕೊಡಿಸಿ, ಒಂಟಿಯಾಗಿ ಬಿಡಬೇಡಿ, ದೀರ್ಘ ಧ್ಯಾನಕ್ಕೆ ಕೂರಿಸಬೇಡಿ ಎಂದು ಬರೆದಿದ್ದ. 20ನೆಯ ಶತಮಾನದ ಕ್ರೈಸ್ತ ಸಮಾಲೋಚನೆಯಲ್ಲಿ ಮಾತ್ರ ಇದು ಜಗಳದ ವಿಷಯವಾಯಿತು. ಸ್ವತಃ ಮನೋರೋಗದ ಆಸ್ಪತ್ರೆಯಲ್ಲಿದ್ದು ಹೊರಬಂದ ಆಂಟನ್ ಬಾಯ್ಸನ್ ಅಮೆರಿಕದ ವೂಸ್ಟರ್ ಸರ್ಕಾರಿ ಆಸ್ಪತ್ರೆಯಲ್ಲಿ ಚಾಪ್ಲೇನ್ (ಆಸ್ಪತ್ರೆಯ ಗುರು) ಆಗಿ, 1925ರಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳ ಹಾಸಿಗೆಯ ಬಳಿಗೆ ಕರೆತಂದ. ಗ್ರಂಥದಂತೆಯೇ ಮನುಷ್ಯನನ್ನೂ ಓದಲು ಕಲಿಯಬೇಕು ಎಂಬುದು ಅವನ ಹಂಬಲ. ಇದಕ್ಕೆ ವಿರುದ್ಧ ತುದಿಯಲ್ಲಿ ಸಭಾಪಾಲಕ ಜೇ ಆಡಮ್ಸ್ 1970ರ ತನ್ನ ಪುಸ್ತಕದಲ್ಲಿ, ಮನಶ್ಶಾಸ್ತ್ರದ ಎರವಲು ಬೇಡ, ಬೈಬಲಿನ ಬುದ್ಧಿವಾದವೇ ಸಾಕು ಎಂದು ವಾದಿಸಿದ. ತಪ್ಪು ಮಾಡಿ ತಪ್ಪಿಸಿಕೊಳ್ಳುತ್ತಿರುವವರಿಗೆ ಆಡಮ್ಸನ ನಿಷ್ಠುರತೆ ನಾಟಬಹುದು. ಮಾಡದ ತಪ್ಪಿಗೆ ತನ್ನನ್ನು ತಾನೇ ಹೊಡೆದುಕೊಳ್ಳುತ್ತಿರುವವರ ಕೈಗೆ ಅದು ಇನ್ನೊಂದು ಚಾಟಿಯಾಗುತ್ತದೆ.

ಭಯದ ದೇವರು ಮನಸ್ಸಿನಲ್ಲಿ ರೂಪುಗೊಳ್ಳುವ ಬಗೆಯನ್ನು ಅರ್ಜೆಂಟೀನಾ ಮೂಲದ ಮನೋವಿಶ್ಲೇಷಕಿ ಆನಾ ಮರಿಯಾ ರಿಸುಟೊ 1979ರ ಪುಸ್ತಕವೊಂದರಲ್ಲಿ ವಿವರಿಸಿದ್ದಾರೆ. ತಾಯಿ, ತಂದೆ, ಅಜ್ಜ ಅಜ್ಜಿಯರ ಚಹರೆಗಳಿಂದ ಮಗು ತನ್ನದೇ ಒಂದು ದೇವರ ಚಿತ್ರ ಕಟ್ಟಿಕೊಂಡಿರುತ್ತದೆ. ಚರ್ಚಿನ ಬೋಧನೆ ಆಮೇಲೆ ಅದರ ಮೇಲೆ ಬಂದು ಕೂರುತ್ತದೆ. ಆದ್ದರಿಂದ ದೇವರು ಪ್ರೀತಿಸ್ವರೂಪಿ ಎಂದು ಭಾನುವಾರ ಶಾಲೆಯಲ್ಲಿ ಬಾಯಿಪಾಠ ಒಪ್ಪಿಸುವ ನಾಲಗೆ ಒಂದು, ರಾತ್ರಿ ಬೆವರುವ ಮೈ ಇನ್ನೊಂದು. ಸಮಾಲೋಚಕರು ಹೀಗಾಗಿ ನಿಮ್ಮ ನಂಬಿಕೆ ಏನು ಎಂದು ಕೇಳುವುದಕ್ಕಿಂತ, ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ದೇವರ ಮುಖ ಹೇಗಿರುತ್ತದೆ, ಆ ಮುಖ ಯಾರನ್ನು ನೆನಪಿಸುತ್ತದೆ ಎಂದು ಕೇಳುತ್ತಾರೆ. ಈ ಚಿತ್ರ ವಾದದಿಂದ ಬದಲಾಗುವುದು ಕಡಿಮೆ. ಹೊಡೆಯದ, ಅವಸರಿಸದ, ಹೇಳಿದ್ದನ್ನು ಕೇಳಿ ಬೆಚ್ಚದ ಒಬ್ಬ ಮನುಷ್ಯನ ಎದುರು ತಿಂಗಳುಗಟ್ಟಲೆ ಕುಳಿತಾಗ ಬದಲಾಗುತ್ತದೆ. ದೈಹಿಕ ದೌರ್ಜನ್ಯ ನಡೆಸಿದವರು ಗುರುವೋ ತಂದೆಯೋ ಆಗಿದ್ದರೆ ಮೊದಲ ಕೆಲಸ ಸುರಕ್ಷತೆ ಮತ್ತು ಕಾನೂನಿನ ರಕ್ಷಣೆ. ಕ್ಷಮಿಸುವ ಬೋಧನೆಯನ್ನು ಅಲ್ಲಿ ಮೊದಲಿಗೆ ತರುವುದು ದೌರ್ಜನ್ಯದ ಮುಂದುವರಿಕೆ.

ಕರ್ನಾಟಕದ ಕ್ರೈಸ್ತ ಕುಟುಂಬಗಳಲ್ಲಿ ಈ ಭಯಕ್ಕೆ ಹರಕೆಯ ರೂಪವೂ ಉಂಟು. ಕಾರ್ಕಳದ ಅತ್ತೂರಿನಲ್ಲೋ ಬೆಂಗಳೂರಿನ ಬಾಲಯೇಸುವಿನ ದೇವಾಲಯದಲ್ಲೋ ಹೊತ್ತ ಹರಕೆ ತೀರಿಸದೆ ಉಳಿದು, ಮನೆಯಲ್ಲಿ ಕಾಯಿಲೆ ಬಿದ್ದಾಗಲೆಲ್ಲ ಅದೇ ಕಾರಣವೆನ್ನಿಸುವುದು ಅಪರೂಪವಲ್ಲ. ಗುರುಗಳ ಬಳಿ ಇದಕ್ಕೆ ಸಾಂತ್ವನಕ್ಕಿಂತ ಗಟ್ಟಿಯಾದದ್ದಿದೆ. 1983ರ ಕಥೊಲಿಕ ಧರ್ಮಸಭೆಯ ಕಾನೂನಿನ ಪ್ರಕಾರ, ಅನ್ಯಾಯದ ತೀವ್ರ ಭಯಕ್ಕೆ ಸಿಕ್ಕಿ ಮಾಡಿದ ಹರಕೆ ತಾನಾಗಿಯೇ ಅಸಿಂಧು. ಉಳಿದ ಖಾಸಗಿ ಹರಕೆಗಳಿಂದಲೂ ತಕ್ಕ ಕಾರಣವಿದ್ದರೆ ಧರ್ಮಕೇಂದ್ರದ ಗುರುಗಳು ಬಿಡುಗಡೆ ಕೊಡಬಹುದು, ಅಥವಾ ಸುಲಭವಾದ ಬೇರೆ ಸತ್ಕಾರ್ಯಕ್ಕೆ ಬದಲಿಸಬಹುದು. ಪ್ರೊಟೆಸ್ಟಂಟ್ ಸಭೆಗಳಲ್ಲಿ ಇಂಥ ಏರ್ಪಾಡಿಲ್ಲ. ಅಲ್ಲಿ ಸಭಾಪಾಲಕರ ಮಾತು, ಸಹವಿಶ್ವಾಸಿಗಳ ಪ್ರಾರ್ಥನೆ, ಕರ್ತನ ಭೋಜನ ಇವೇ ಆಸರೆ. ಇತ್ತೀಚಿನ ಸ್ವಸ್ಥತಾ ಕೂಟಗಳಲ್ಲಿ ಎಲ್ಲ ಭಯವನ್ನೂ ದುರಾತ್ಮದ ಅಥವಾ ವಂಶದ ಶಾಪದ ಲೆಕ್ಕಕ್ಕೆ ಹಾಕಿ ಬಿಡುಗಡೆಯ ಪ್ರಾರ್ಥನೆಗೆ ನಿಲ್ಲಿಸುವುದುಂಟು. ಗೀಳು ಇರುವವರಿಗೆ ಇದರಿಂದ ಹೊಸ ಶಂಕೆಯೊಂದು ಸೇರುತ್ತದೆ: ಶಾಪ ಪೂರ್ತಿ ಹೋಯಿತೇ? ಸಣ್ಣ ಊರಿನ ಸಭೆಗಳಲ್ಲಿ ಗುಟ್ಟು ಉಳಿಯುವುದಿಲ್ಲ ಎಂಬ ಅಳುಕು ಬೇರೆ. ಪಾಪನಿವೇದನೆಯ ಗೋಪ್ಯತೆಗೆ ಕಟ್ಟುನಿಟ್ಟಾದ ಮುದ್ರೆಯಿದೆ, ಸಮಾಲೋಚನೆಯ ಗೋಪ್ಯತೆಗೆ ಪ್ರಾಣಾಪಾಯದ ಸಂದರ್ಭ ಹೊರತು. ಈ ವ್ಯತ್ಯಾಸವನ್ನು ಮೊದಲ ಭೇಟಿಯಲ್ಲೇ ತಿಳಿಸಬೇಕು.

ಚೆನ್ನಾಗಿ ನಡೆದ ಸಮಾಲೋಚನೆಯಲ್ಲಿ ಗುರು, ಸಮಾಲೋಚಕ, ಮನೋವೈದ್ಯ ಮೂವರೂ ಬಂದವರ ಒಪ್ಪಿಗೆ ಪಡೆದು ಒಂದೇ ಮಾತಿಗೆ ನಿಲ್ಲುತ್ತಾರೆ. ನಿವೇದನೆ ತಿಂಗಳಿಗೆ ಒಮ್ಮೆ, ಇಂತಿಷ್ಟೇ ನಿಮಿಷ. ಪ್ರಾರ್ಥನೆ ತಪ್ಪಿದರೂ ಹಿಂದಿರುಗಿ ಹೇಳುವಂತಿಲ್ಲ. ಶಂಕೆ ಬಂದರೆ ಅದಕ್ಕೆ ಇದು ಪಾಪವಿರಬಹುದು, ಇಲ್ಲದಿರಬಹುದು ಎಂದಷ್ಟೇ ಹೇಳಿ ಬಿಟ್ಟುಬಿಡುವುದು. ಧರ್ಮ ಪಾಪವೆನ್ನುವುದನ್ನು ಮಾಡಿಸುವ ಹಕ್ಕು ಯಾವ ಚಿಕಿತ್ಸಕನಿಗೂ ಇಲ್ಲ. ಅವನು ಮಾಡಿಸುವುದು ಅನಿಶ್ಚಿತತೆಯನ್ನು ಹೊರುವ ಅಭ್ಯಾಸ. ನಮ್ಮ ಹೃದಯವೇ ನಮ್ಮನ್ನು ಅಪರಾಧಿ ಎಂದರೂ ದೇವರು ಹೃದಯಕ್ಕಿಂತ ದೊಡ್ಡವನು ಎಂಬ ಯೋಹಾನನ ಮೊದಲ ಪತ್ರದ ಮಾತು ಈ ಅಭ್ಯಾಸಕ್ಕೆ ಬೇಕಾದ ದೇವಶಾಸ್ತ್ರವನ್ನು ಒದಗಿಸುತ್ತದೆ. ಖಚಿತತೆ ಸಿಕ್ಕ ಮೇಲೆ ನಂಬುವುದಲ್ಲ, ಸಿಗದಿದ್ದರೂ ಆತನ ಮೇಲೆ ಭಾರ ಹಾಕುವುದು. ನಿದ್ದೆ, ಊಟ ಕೆಟ್ಟಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ, ಇತರರಿಗೆ ಕೇಳಿಸದ ದನಿಗಳು ಕೇಳುತ್ತಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗೆ ಅಥವಾ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ತಡಮಾಡದೆ ಕಳಿಸಬೇಕು. ಔಷಧಿ ತೆಗೆದುಕೊಳ್ಳುವುದು ಅವಿಶ್ವಾಸವಲ್ಲ ಎಂದು ಸಭಾಪಾಲಕರೇ ಹೇಳಿದರೆ ಆ ಮಾತಿಗೆ ತೂಕ ಹೆಚ್ಚು.

ಎಲ್ಲರೂ ಗುಣವಾಗುವುದಿಲ್ಲ. ಇಂಗ್ಲಿಷ್ ಕವಿ ವಿಲಿಯಂ ಕೂಪರ್ 1773ರಲ್ಲಿ ಕಂಡ ಕನಸೊಂದರಿಂದ ದೇವರು ತನ್ನನ್ನು ಕೈಬಿಟ್ಟನೆಂದು ನಂಬಿದ. 1779ರಲ್ಲಿ ಅವನ ಮತ್ತು ಸಭಾಪಾಲಕ ಜಾನ್ ನ್ಯೂಟನ್‌ನ ಭಕ್ತಿಗೀತೆಗಳು ಒಟ್ಟಾಗಿ ಅಚ್ಚಾದವು, ಇಂದಿಗೂ ಲೋಕದ ಚರ್ಚುಗಳಲ್ಲಿ ಅವನ್ನು ಹಾಡುತ್ತಾರೆ. ಬರೆದವನು ಮಾತ್ರ 1800ರಲ್ಲಿ ಸಾಯುವವರೆಗೆ ಚರ್ಚಿನ ಆರಾಧನೆಗೆ ಮರಳಲಿಲ್ಲ. ನ್ಯೂಟನ್ ವಾದಿಸಿ ಸೋತ. ಆದರೆ ಕಾಯಿಲೆ ಉಲ್ಬಣಿಸಿದ ತಿಂಗಳುಗಳಲ್ಲಿ ಕೂಪರನನ್ನು ತನ್ನ ಮನೆಯಲ್ಲೇ ಇರಿಸಿಕೊಂಡ, 1780ರಲ್ಲಿ ಲಂಡನ್ನಿಗೆ ಹೋದ ಮೇಲೂ ಪತ್ರ ಬರೆಯುತ್ತಿದ್ದ. ಕೂಪರ್ ಆ ನಡುವೆ ಮೊಲ ಸಾಕಿದ, ತೋಟ ಮಾಡಿದ, ಹೋಮರನನ್ನು ಅನುವಾದಿಸಿದ. ಭಯ ಅಳಿಯದ ಇಂಥ ಪ್ರಕರಣಗಳಲ್ಲಿ ಸಮಾಲೋಚಕರು ಗುರಿಯನ್ನು ಕಿರಿದು ಮಾಡಿಕೊಳ್ಳುತ್ತಾರೆ: ಜೀವ ಉಳಿಯಬೇಕು, ದಿನದ ಕೆಲಸ ನಡೆಯಬೇಕು, ದೇವರ ಬಗ್ಗೆ ಮಾತೆತ್ತದೆಯೂ ಬಂದು ಕೂರುವ ಒಬ್ಬರಾದರೂ ಇರಬೇಕು.